ಕೊಳಕುಮಂಡಲದ ವಿಷದಿಂದ ಕಂಪ್ಯೂಟರಿನವರೆಗೆ: ಪ್ರೋಟೀನ್ ವಿಶ್ಲೇಷಣೆಯ ಸಮಗ್ರ ಮಾರ್ಗದರ್ಶಿ

ಜಮಖಂಡಿ, ಮುಧೋಳ, ಅಥಣಿ, ರಾಯಬಾಗ ಭಾಗದಲ್ಲಿ ಕಬ್ಬು ಕಡಿಯುವ ಹಂಗಾಮು ಶುರುವಾಯಿತೆಂದರೆ ರವದಿಯ ಅಡಿಯಲ್ಲಿ ಇಲಿ ಇರುತ್ತದೆ, ಇಲಿಯ ಬೆನ್ನಿಗೆ ಕೊಳಕುಮಂಡಲ ಇರುತ್ತದೆ. ಕಚ್ಚಿಸಿಕೊಂಡವರು ಆಸ್ಪತ್ರೆಗೆ ಬಂದಾಗ ವೈದ್ಯರು ಮಾಡುವ ಒಂದು ಪರೀಕ್ಷೆ ಬಹಳ ಸರಳವಾದದ್ದು: 2 ಮಿಲಿಲೀಟರ್ ರಕ್ತವನ್ನು ಸ್ವಚ್ಛವಾದ, ಒಣಗಿದ ಗಾಜಿನ ಕೊಳವೆಗೆ ಹಾಕಿ, ಅಲುಗಾಡಿಸದೆ 20 ನಿಮಿಷ ಇಟ್ಟು, ಆಮೇಲೆ ಓರೆ ಮಾಡಿ ನೋಡುವುದು. ರಕ್ತ ಹೆಪ್ಪುಗಟ್ಟದೆ ಹರಿದರೆ ವಿಷ ಮೈಗೆ ಏರಿದೆ ಎಂದು ತಿಳಿಯಬೇಕು. ಕೊಳಕುಮಂಡಲದ ವಿಷದಲ್ಲಿರುವ ಕೆಲವು ಕಿಣ್ವಗಳು ರಕ್ತ ಹೆಪ್ಪುಗಟ್ಟಿಸುವ 10ನೇ ಮತ್ತು 5ನೇ ಘಟಕಗಳನ್ನು ಅಕಾಲದಲ್ಲಿ ಎಬ್ಬಿಸಿ, ಹೆಪ್ಪು ಕಟ್ಟಲು ಬೇಕಾದ ಫೈಬ್ರಿನೋಜನ್ ಎಂಬ ಪ್ರೋಟೀನನ್ನೆಲ್ಲ ಖರ್ಚು ಮಾಡಿಸಿಬಿಡುತ್ತವೆ. ಆ ಕೊಳವೆಯಲ್ಲಿ ನಾವು ಕಾಣುವುದು ಪ್ರೋಟೀನುಗಳು ಮಾಡಿಟ್ಟುಹೋದ ಕೆಲಸವನ್ನು.

ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಾಲೇಜುಗಳಲ್ಲಿ ಎಂ.ಎಸ್ಸಿ., ಎಂ.ಡಿ. ಅಥವಾ ಪಿಎಚ್.ಡಿ. ಪ್ರಬಂಧಕ್ಕೆ ಪ್ರೋಟೀನಿನ ವಿಷಯ ಹಿಡಿದವರಿಗಾಗಿ ಈ ಮಾರ್ಗದರ್ಶಿ. ಉದಾಹರಣೆಯಾಗಿ ಹಾವಿನ ವಿಷವನ್ನು ತೆಗೆದುಕೊಂಡಿದ್ದೇನೆ, ಏಕೆಂದರೆ ಅದು ನಮ್ಮ ಹೊಲಗಳ ಸಮಸ್ಯೆ. ರಕ್ತದ ಪ್ಲಾಸ್ಮಾ, ಗಡ್ಡೆಯ ತುಣುಕು, ಎಂಜಲು ಯಾವುದಾದರೂ ದಾರಿ ಬಹುಪಾಲು ಇದೇ. ಹಲವು ವರ್ಷ ವಿದ್ಯಾರ್ಥಿಗಳ ಜೊತೆ ಈ ಕೆಲಸ ಮಾಡಿದ ಮೇಲೆ ನನಗೆ ಮನವರಿಕೆಯಾದ ಮಾತೆಂದರೆ, ಕಂಪ್ಯೂಟರ್ ಕೊಡುವ ಉತ್ತರ ಎಷ್ಟು ಗಟ್ಟಿ ಎಂಬುದು ಸ್ಯಾಂಪಲ್ ತೆಗೆದ ದಿನವೇ ಬಹುಮಟ್ಟಿಗೆ ತೀರ್ಮಾನವಾಗಿರುತ್ತದೆ.

ಹಂತ 1: ಪ್ರಶ್ನೆಯನ್ನು ಒಂದು ವಾಕ್ಯದಲ್ಲಿ ಬರೆಯಿರಿ

"ಹಾವಿನ ವಿಷದ ಪ್ರೋಟೀನುಗಳ ಅಧ್ಯಯನ" ಎಂಬುದು ಶೀರ್ಷಿಕೆಯೇ ಹೊರತು ಪ್ರಶ್ನೆಯಲ್ಲ. "ಇಂಡಿ, ಸಿಂದಗಿ ಕಡೆಯ ಒಣಭೂಮಿಯ ಕೊಳಕುಮಂಡಲದ ವಿಷದಲ್ಲಿ ಫಾಸ್ಫೋಲಿಪೇಸ್ ಎ2 ಪ್ರಮಾಣವು ಖಾನಾಪುರದ ಮಳೆನಾಡಿನ ಹಾವಿನ ವಿಷದಲ್ಲಿರುವುದಕ್ಕಿಂತ ಬೇರೆಯೇ?" ಎಂಬುದು ಪ್ರಶ್ನೆ. (ಫಾಸ್ಫೋಲಿಪೇಸ್ ಎ2 ಎಂದರೆ ಕೊಬ್ಬನ್ನು ಸೀಳುವ, ವಿಷದಲ್ಲಿನ ಒಂದು ಕಿಣ್ವ.) ಒಂದೇ ಜಾತಿಯ ಹಾವಿನ ವಿಷವೂ ಊರಿಂದೂರಿಗೆ ಬದಲಾಗುತ್ತದೆ ಎಂಬುದು ಸಿದ್ಧವಾದ ಸಂಗತಿ. ನಮ್ಮಲ್ಲಿ ಬಳಸುವ ಪ್ರತಿವಿಷವಾದರೋ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಕ್ಕೆ ಕುದುರೆಗಳಲ್ಲಿ ತಯಾರಾಗುವಂಥದ್ದು, ಅದಕ್ಕೆ ಬೇಕಾದ ವಿಷ ಬಹುಪಾಲು ತಮಿಳುನಾಡಿನಿಂದ ಬರುತ್ತದೆ. ಹೀಗಿರುವಾಗ ಮೇಲಿನ ಪ್ರಶ್ನೆಗೆ ಸಿಗುವ ಉತ್ತರ ಚಿಕಿತ್ಸೆಗೂ ಸಂಬಂಧಿಸಿದ್ದೇ ಆಗುತ್ತದೆ. ಪ್ರಶ್ನೆಯಲ್ಲಿ ಯಾವ ಪ್ರೋಟೀನು, ಯಾರೊಂದಿಗೆ ಹೋಲಿಕೆ, ಏನನ್ನು ಅಳೆಯುವುದು ಎಂಬ ಮೂರೂ ಇರಬೇಕು.

ಹಂತ 2: ಅನುಮತಿ, ಸ್ಯಾಂಪಲ್, ತಂಪು

ಹಾವುಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ವಿಷ ತೆಗೆಯುವುದು ಅಪರಾಧ. ಊರಲ್ಲಿ ಹಾವು ಹಿಡಿಯುವವರಿಂದ ಕದ್ದುಮುಚ್ಚಿ ತಂದ ವಿಷದಲ್ಲಿ ಸಂಶೋಧನೆ ಮಾಡಬೇಡಿ. ರೋಗಿಗಳ ರಕ್ತ ಬೇಕಾದರೆ ಸಂಸ್ಥೆಯ ನೈತಿಕ ಸಮಿತಿಯ ಒಪ್ಪಿಗೆ ಮೊದಲು, ರೋಗಿಯ ಒಪ್ಪಿಗೆ ಪತ್ರ ಆಮೇಲೆ. ಆ ಪತ್ರ ರೋಗಿಗೆ ತಿಳಿಯುವ ಕನ್ನಡದಲ್ಲಿರಬೇಕು, ಓದಲು ಬಾರದವರಿಗೆ ಸಾಕ್ಷಿಯ ಎದುರು ಓದಿ ಹೇಳಬೇಕು. ಸಂಶೋಧನೆಯ ರಕ್ತಕ್ಕಾಗಿ ಪ್ರತಿವಿಷವನ್ನು ಒಂದು ನಿಮಿಷವೂ ತಡ ಮಾಡುವಂತಿಲ್ಲ. ಕರ್ನಾಟಕ 2024ರಲ್ಲಿ ಹಾವು ಕಡಿತವನ್ನು ವರದಿ ಮಾಡಲೇಬೇಕಾದ ಪ್ರಕರಣವೆಂದು ಘೋಷಿಸಿರುವುದರಿಂದ ಆಸ್ಪತ್ರೆಯ ದಾಖಲೆಯೂ ನಿಮ್ಮ ದಾಖಲೆಯೂ ತಾಳೆಯಾಗಬೇಕು.

ಪ್ಲಾಸ್ಮಾದಲ್ಲಿ ಕೆಲಸ ಮಾಡುವವರಿಗೆ ಒಂದು ತೊಡಕಿದೆ. ಅದರ ಪ್ರೋಟೀನಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಆಲ್ಬುಮಿನ್ ಒಂದೇ. ಅದರ ಜೊತೆ ಇಮ್ಯುನೊಗ್ಲೋಬುಲಿನ್ ಸೇರಿದರೆ ಉಳಿದವು ಸಂತೆಯ ಗದ್ದಲದಲ್ಲಿ ಪಿಸುಮಾತಿನಂತೆ ಮುಳುಗಿಹೋಗುತ್ತವೆ. ಇವೆರಡನ್ನು ಮೊದಲು ತೆಗೆಯುವ ಕಾಲಮ್‌ಗಳು ಸಿಗುತ್ತವೆ, ಆದರೆ ಆಲ್ಬುಮಿನ್ ಹೋಗುವಾಗ ತನಗೆ ಅಂಟಿಕೊಂಡ ಬೇರೆ ಪ್ರೋಟೀನುಗಳನ್ನೂ ಜೊತೆಗೊಯ್ಯುತ್ತದೆ ಎಂಬುದನ್ನು ಮರೆಯಬಾರದು. ರಕ್ತ ತೆಗೆದದ್ದು ಪ್ರತಿವಿಷ ಕೊಡುವ ಮೊದಲೋ ನಂತರವೋ ಎಂಬುದನ್ನು ಕೊಳವೆಯ ಮೇಲೆಯೇ ಬರೆಯಿರಿ. ಇದರ ಮಹತ್ವ 5ನೇ ಹಂತದಲ್ಲಿ ತಿಳಿಯುತ್ತದೆ.

ಸ್ಯಾಂಪಲ್ಲನ್ನು ಒಂದೇ ದೊಡ್ಡ ಕೊಳವೆಯಲ್ಲಿ ಇಡದೆ, ಒಂದೊಂದು ಸಲಕ್ಕೆ ಆಗುವಷ್ಟು ಸಣ್ಣ ಕೊಳವೆಗಳಲ್ಲಿ ಹಂಚಿ ಮೈನಸ್ 80 ಡಿಗ್ರಿಯಲ್ಲಿಡಬೇಕು. ಕರಗಿಸಿ ಮತ್ತೆ ಹೆಪ್ಪುಗಟ್ಟಿಸಿದಷ್ಟೂ ಪ್ರೋಟೀನು ಕೆಡುತ್ತದೆ. ವಿಜಯಪುರದ ಏಪ್ರಿಲ್-ಮೇ ತಿಂಗಳಲ್ಲಿ ತಾಪಮಾನ 40 ಡಿಗ್ರಿ ದಾಟಿದಾಗ ಕರೆಂಟು ಹೋದರೆ ಫ್ರೀಜರು ತಡೆದೀತೆಂದು ನಂಬಿ ಕೂರಬೇಡಿ. ನಾವು ಪ್ರತಿ ಪೆಟ್ಟಿಗೆಯಲ್ಲಿ ಒಂದು ಪುಟ್ಟ ಕೊಳವೆಯಲ್ಲಿ ನೀರನ್ನು ಹೆಪ್ಪುಗಟ್ಟಿಸಿ, ಆ ಮಂಜಿನ ಮೇಲೆ ಒಂದು ಸಣ್ಣ ಉಕ್ಕಿನ ಗುಂಡು ಇಟ್ಟಿರುತ್ತೇವೆ. ಗುಂಡು ತಳಕ್ಕೆ ಇಳಿದಿದ್ದರೆ ರಾತ್ರಿ ಫ್ರೀಜರು ಕರಗಿತ್ತು ಎಂದು ಗೊತ್ತಾಗುತ್ತದೆ, ಯಾರನ್ನೂ ಕೇಳಬೇಕಾಗಿಲ್ಲ.

ಹಂತ 3: ಅಳತೆ ಮತ್ತು ಜೆಲ್

ಬ್ರಾಡ್‌ಫೋರ್ಡ್ ವಿಧಾನದಲ್ಲಿ ಕೂಮಾಸಿ ನೀಲಿಯು ಪ್ರೋಟೀನಿಗೆ ಅಂಟಿದಾಗ 595 ನ್ಯಾನೋಮೀಟರಿನಲ್ಲಿ ಬೆಳಕಿನ ಹೀರಿಕೆ ಏರುತ್ತದೆ. ದನದ ಆಲ್ಬುಮಿನ್‌ನಿಂದ ಐದಾರು ಪ್ರಮಾಣಗಳ ಗೆರೆ ಎಳೆದು, ಸ್ಯಾಂಪಲ್ಲಿನ ಓದು ಆ ಗೆರೆಯ ನೇರ ಭಾಗದೊಳಗೆ ಬೀಳುವಂತೆ ತೆಳುಮಾಡಬೇಕು. ಈ ಬಣ್ಣ ಹೆಚ್ಚಾಗಿ ಆರ್ಜಿನೀನ್‌ಗೆ ಅಂಟುವುದರಿಂದ ವಿಷದ ಸಣ್ಣ ಪೆಪ್ಟೈಡುಗಳು (ಅಮೈನೋ ಆಮ್ಲಗಳ ಚಿಕ್ಕ ಸರಪಳಿಗಳು) ಇರುವುದಕ್ಕಿಂತ ಕಡಿಮೆ ತೋರಬಹುದು. ಸಾಬೂನಿನಂಥ ಡಿಟರ್ಜೆಂಟ್ ಇದ್ದರೆ ಹೆಚ್ಚು ತೋರಬಹುದು.

ಆಮೇಲೆ ಎಸ್‌ಡಿಎಸ್ ಜೆಲ್, ಅಂದರೆ ಪ್ರೋಟೀನುಗಳನ್ನು ವಿದ್ಯುತ್ತಿನಿಂದ ಎಳೆದು ಗಾತ್ರಕ್ಕೆ ತಕ್ಕಂತೆ ಬೇರ್ಪಡಿಸುವುದು; ದೊಡ್ಡವು ಮೇಲೆ, ಸಣ್ಣವು ಕೆಳಗೆ ನಿಲ್ಲುತ್ತವೆ. ಕೊಳಕುಮಂಡಲದ ಒಣಗಿದ ವಿಷ ಹಳದಿ ಹರಳಿನಂತೆ ಕಾಣುತ್ತದೆ. ಆ ಹಳದಿ ಎಲ್-ಅಮೈನೋ ಆಮ್ಲ ಆಕ್ಸಿಡೇಸ್ ಎಂಬ ಕಿಣ್ವದೊಳಗಿನ ಫ್ಲೇವಿನ್‌ನದು. ಜೆಲ್ಲಿನಲ್ಲಿ ಆ ಕಿಣ್ವ ಮೇಲ್ಭಾಗದಲ್ಲಿ, ಸುಮಾರು 60 ಕಿಲೋಡಾಲ್ಟನ್ನಿನ ಸುತ್ತ ಕಾಣುತ್ತದೆ. ಫಾಸ್ಫೋಲಿಪೇಸ್ ಎ2 ಕೆಳಗೆ, 14 ಕಿಲೋಡಾಲ್ಟನ್ನಿನ ಹತ್ತಿರ ದಪ್ಪ ಪಟ್ಟಿಯಾಗಿ ನಿಲ್ಲುತ್ತದೆ. ಸಣ್ಣದನ್ನು ನೋಡಲು ಶೇ. 15ರ ಜೆಲ್ ಒಳ್ಳೆಯದು. ಡಿಟಿಟಿ ಎಂಬ ರಾಸಾಯನಿಕ ಹಾಕಿ ಒಮ್ಮೆ, ಹಾಕದೆ ಒಮ್ಮೆ ಓಡಿಸಿ, ಅಕ್ಕಪಕ್ಕ ಇಟ್ಟು ನೋಡಿ. ಗಂಧಕದ ಸೇತುವೆಗಳಿಂದ ಜೋಡಿಸಿಕೊಂಡ ಪ್ರೋಟೀನುಗಳು ಡಿಟಿಟಿ ಬಿದ್ದಾಗ ಬಿಡಿಯಾಗಿ ಕೆಳಕ್ಕೆ ಇಳಿಯುತ್ತವೆ. ಈ ಒಂದು ಜೆಲ್ಲು ಮುಂದಿನ ದುಬಾರಿ ಯಂತ್ರದ ಉತ್ತರ ನಂಬಲರ್ಹವೇ ಎಂದು ಪರೀಕ್ಷಿಸುವ ಕನ್ನಡಿಯಾಗುತ್ತದೆ. ಆದ್ದರಿಂದ ಫೋಟೋ ತೆಗೆದು ದಿನಾಂಕದೊಂದಿಗೆ ಇಟ್ಟುಕೊಳ್ಳಿ.

ಹಂತ 4: ಟ್ರಿಪ್ಸಿನ್‌ನಿಂದ ಕತ್ತರಿಸುವುದು

ಅಣುಗಳ ತೂಕ ಅಳೆಯುವ ಯಂತ್ರವಾದ ಮಾಸ್ ಸ್ಪೆಕ್ಟ್ರೋಮೀಟರಿಗೆ ಇಡೀ ಪ್ರೋಟೀನಿಗಿಂತ ಅದರ ತುಂಡುಗಳನ್ನು ಓದುವುದು ಸುಲಭ. ಮೊದಲು ಡಿಟಿಟಿಯಿಂದ ಗಂಧಕದ ಸೇತುವೆಗಳನ್ನು ಬಿಡಿಸಿ, ಅಯೋಡೋಅಸಿಟಮೈಡ್‌ನಿಂದ ಅವು ಮತ್ತೆ ಕೂಡದಂತೆ ಮುಚ್ಚಿ, ನಂತರ 50 ಪಾಲು ಪ್ರೋಟೀನಿಗೆ 1 ಪಾಲು ಟ್ರಿಪ್ಸಿನ್ ಹಾಕಿ 37 ಡಿಗ್ರಿಯಲ್ಲಿ ರಾತ್ರಿಯಿಡೀ ಬಿಡುತ್ತಾರೆ. ಟ್ರಿಪ್ಸಿನ್ ಲೈಸೀನ್ ಮತ್ತು ಆರ್ಜಿನೀನ್ ಆದ ಮೇಲೆ ಕತ್ತರಿಸುತ್ತದೆ. ಅವುಗಳ ಮುಂದೆ ಪ್ರೊಲೀನ್ ಇದ್ದರೆ ಸಾಮಾನ್ಯವಾಗಿ ಕತ್ತರಿಸುವುದಿಲ್ಲ.

ಕೊಳಕುಮಂಡಲದ ಒಂದು ಫಾಸ್ಫೋಲಿಪೇಸ್ ಎ2ವನ್ನು ಹತ್ತಿರದಿಂದ ನೋಡೋಣ. ಅದರಲ್ಲಿ 121 ಅಮೈನೋ ಆಮ್ಲಗಳಿವೆ, ಅವುಗಳಲ್ಲಿ 14 ಸಿಸ್ಟೀನ್, ಅಂದರೆ 7 ಗಂಧಕದ ಸೇತುವೆ. ಮೊದಲ ತುಂಡು ಸೆರೀನ್, ಲ್ಯೂಸೀನ್, ಲ್ಯೂಸೀನ್, ಗ್ಲುಟಾಮಿಕ್ ಆಮ್ಲ, ಫಿನೈಲಲನೀನ್, ಗ್ಲೈಸೀನ್, ಲೈಸೀನ್. ಇವುಗಳ ತೂಕ ಕೂಡಿಸಿ, ಒಂದು ನೀರಿನ ಅಣು ಸೇರಿಸಿದರೆ 792.438 ಡಾಲ್ಟನ್ ಬರುತ್ತದೆ. ಯಂತ್ರ ತೂಕವನ್ನು ವಿದ್ಯುದಂಶದ ಸಂಖ್ಯೆಯಿಂದ ಭಾಗಿಸಿ ಓದುವುದರಿಂದ, ಎರಡು ಪ್ರೋಟಾನ್ ಹೊತ್ತು ಹಾರುವಾಗ ಅದನ್ನು 397.226 ಎಂದು ಓದುತ್ತದೆ. ಈ ಲೆಕ್ಕವನ್ನು ಪ್ರತಿ ವಿದ್ಯಾರ್ಥಿಯೂ ಒಮ್ಮೆಯಾದರೂ ಕಾಗದದ ಮೇಲೆ ಮಾಡಬೇಕೆಂಬುದು ನನ್ನ ಹಟ. ಇದೇ ಪ್ರೋಟೀನಿನಲ್ಲಿ ಕಿಣ್ವದ ಕೆಲಸ ನಡೆಸುವ ಹಿಸ್ಟಿಡೀನ್ ಇರುವ ತುಂಡಿನಲ್ಲಿ 5 ಸಿಸ್ಟೀನ್‌ಗಳಿವೆ. ಅಯೋಡೋಅಸಿಟಮೈಡ್ ಪ್ರತಿ ಸಿಸ್ಟೀನ್‌ಗೆ 57.021 ಡಾಲ್ಟನ್ ಸೇರಿಸುವುದರಿಂದ ಆ ತುಂಡಿನ ತೂಕ 285.107 ಏರುತ್ತದೆ. ಸಾಫ್ಟ್‌ವೇರಿಗೆ ಈ ಸಂಗತಿ ತಿಳಿಸದಿದ್ದರೆ ಎಲ್ಲಕ್ಕಿಂತ ಮುಖ್ಯವಾದ ತುಂಡೇ ಕಾಣೆಯಾಗುತ್ತದೆ.

ಈ ಹಂತದಲ್ಲಿ ನಮ್ಮ ತಂಡ ಒಮ್ಮೆ ಪೆಟ್ಟು ತಿಂದಿದೆ. ಚಳಿಗಾಲದ ಒಂದು ಬೆಳಿಗ್ಗೆ ಉಣ್ಣೆಯ ಸ್ವೆಟರ್ ತೊಟ್ಟು ಜೆಲ್ ಕತ್ತರಿಸಿದ ಸ್ಯಾಂಪಲ್ಲಿನ ಫಲಿತಾಂಶ ಬಂದಾಗ ಪಟ್ಟಿಯ ತುದಿಯಲ್ಲಿ ವಿಷದ ಪ್ರೋಟೀನು ಇರಲಿಲ್ಲ. ಮನುಷ್ಯರ ಚರ್ಮದ ಕೆರಾಟಿನ್ ಮೊದಲು, ಕುರಿಯ ಕೆರಾಟಿನ್ ಅದರ ಹಿಂದೆ. ಮೂರು ತಿಂಗಳ ಸ್ಯಾಂಪಲ್ಲು ಮತ್ತೆ ಮಾಡಬೇಕಾಯಿತು. ಅಂದಿನಿಂದ ಉಣ್ಣೆಯ ಬಟ್ಟೆ ಬಾಗಿಲ ಹೊರಗೆ, ಕೂದಲು ಟೊಪ್ಪಿಗೆಯೊಳಗೆ, ಕೈಗವಸು ಮೊಣಕೈ ಕಡೆಗೆ ಎಳೆದು ಹಾಕಿಕೊಂಡೇ ಕೆಲಸ.

ಸ್ವಂತ ಯಂತ್ರ ಇಲ್ಲದವರು ಬೆಂಗಳೂರಿನ ಸಿ-ಕ್ಯಾಂಪ್‌ನಂಥ ಸಂಶೋಧನಾ ಸೌಲಭ್ಯ ಕೇಂದ್ರದಲ್ಲಿ ಹಣ ಕೊಟ್ಟು ಓಡಿಸಿಕೊಳ್ಳಬಹುದು. ದ್ರವ ಕಳಿಸುವುದಕ್ಕಿಂತ, ಸಿ18 ಎಂಬ ಕಾಲಮ್ಮಿನಲ್ಲಿ ಉಪ್ಪು ತೆಗೆದು ಪೂರ್ತಿ ಒಣಗಿಸಿದ ಪೆಪ್ಟೈಡ್ ಕಳಿಸುವುದು ರಾತ್ರಿಯ ಪ್ರಯಾಣಕ್ಕೆ ಹೆಚ್ಚು ಸುರಕ್ಷಿತ.

ಹಂತ 5: ಹುಡುಕಾಟ, ಎಲ್ಲಕ್ಕಿಂತ ಎಚ್ಚರ ಬೇಕಾದ ಜಾಗ

ಯಂತ್ರ ಕೊಡುವುದು ತುಂಡುಗಳ ತೂಕ ಮತ್ತು ಆ ತುಂಡುಗಳನ್ನು ಒಡೆದಾಗ ಬಂದ ಚೂರುಗಳ ತೂಕ ಮಾತ್ರ. ಯಾವ ಪ್ರೋಟೀನು ಎಂದು ಹೇಳುವುದು ಸಾಫ್ಟ್‌ವೇರ್, ಅದೂ ನೀವು ಕೊಟ್ಟ ಪಟ್ಟಿಯೊಳಗೇ ಹುಡುಕಿ. ಪಟ್ಟಿಯಲ್ಲಿ ಇಲ್ಲದ ಪ್ರೋಟೀನು ಸ್ಯಾಂಪಲ್ಲಿನಲ್ಲಿ ಎಷ್ಟೇ ಇದ್ದರೂ ಸಿಗುವುದಿಲ್ಲ. ತಪ್ಪು ಪಟ್ಟಿ ಕೊಟ್ಟರೆ ಹತ್ತಿರದ ಹೋಲಿಕೆಯ ಇನ್ನೊಂದರ ಹೆಸರು ಹೇಳುತ್ತದೆ. ಆದ್ದರಿಂದ ಯುನಿಪ್ರಾಟ್ ಎಂಬ ಪ್ರೋಟೀನು ದತ್ತಾಂಶಕೋಶದಿಂದ ಎಲ್ಲ ಹಾವುಗಳ ಪ್ರೋಟೀನು ಸರಣಿಗಳನ್ನು (ಅಮೈನೋ ಆಮ್ಲಗಳ ಕ್ರಮವನ್ನು) ಫಾಸ್ಟಾ ಎಂಬ ಪಠ್ಯ ಕಡತವಾಗಿ ಇಳಿಸಿಕೊಳ್ಳಿ, ಇಳಿಸಿದ ದಿನಾಂಕವನ್ನು ಕಡತದ ಹೆಸರಿನಲ್ಲೇ ಸೇರಿಸಿ. ಪರಿಣತರು ಕಣ್ಣಿಟ್ಟು ಪರಿಶೀಲಿಸಿದ ಸ್ವಿಸ್-ಪ್ರಾಟ್ ಭಾಗವೂ ಕಂಪ್ಯೂಟರೇ ಊಹಿಸಿ ಸೇರಿಸಿದ ಟ್ರೆಂಬಲ್ ಭಾಗವೂ ಬೇರೆಬೇರೆ ಎಂಬುದು ನೆನಪಿರಲಿ. ಭಾರತದ ನಾಗರಹಾವಿನ ಇಡೀ ಜೀನೋಮ್ 2020ರಲ್ಲಿ ಪ್ರಕಟವಾಗಿರುವುದು ಇಂಥ ಹುಡುಕಾಟಕ್ಕೆ ದೊಡ್ಡ ಆಸರೆ.

ಈ ಪಟ್ಟಿಗೆ ಟ್ರಿಪ್ಸಿನ್, ಕೆರಾಟಿನ್, ದನದ ಆಲ್ಬುಮಿನ್ ಇರುವ ಕಲಬೆರಕೆಯ ಕಡತವನ್ನು ಸೇರಿಸಬೇಕು. ರೋಗಿಯ ಪ್ಲಾಸ್ಮಾ ಆದರೆ ಮನುಷ್ಯರ ಪಟ್ಟಿಯ ಜೊತೆ ಕುದುರೆಯ ಪಟ್ಟಿಯನ್ನೂ ಸೇರಿಸಲೇಬೇಕು. ಪ್ರತಿವಿಷ ಪಡೆದ ರೋಗಿಯ ರಕ್ತದಲ್ಲಿ ಕುದುರೆಯ ಇಮ್ಯುನೊಗ್ಲೋಬುಲಿನ್ ತುಣುಕು ಹರಿಯುತ್ತಿರುತ್ತದೆ. ಅದನ್ನು ಬಿಟ್ಟರೆ ಸಾಫ್ಟ್‌ವೇರ್ ಆ ತುಣುಕನ್ನು ರೋಗಿಯದೇ ಇಮ್ಯುನೊಗ್ಲೋಬುಲಿನ್ ಎಂದು ಎಣಿಸಿ, "ಕಚ್ಚಿದ ಮೇಲೆ ಪ್ರತಿರಕ್ಷೆ ಏರಿತು" ಎಂಬ ಸುಳ್ಳು ಶೋಧ ಕೈಗೆ ಕೊಡಬಹುದು.

ಉಚಿತವಾಗಿ ಸಿಗುವ ಮ್ಯಾಕ್ಸ್‌ಕ್ವಾಂಟ್ ಎಂಬ ಹುಡುಕಾಟದ ಸಾಫ್ಟ್‌ವೇರಿನಲ್ಲಿ ಈ ಆಯ್ಕೆಗಳನ್ನು ಕಣ್ಣಿಂದ ನೋಡಿ ಖಚಿತಪಡಿಸಿಕೊಳ್ಳಿ: ಕಿಣ್ವ ಟ್ರಿಪ್ಸಿನ್, ಕತ್ತರಿಸದೆ ಬಿಟ್ಟ ಜಾಗ ಹೆಚ್ಚೆಂದರೆ 2, ಸಿಸ್ಟೀನ್‌ಗೆ ಖಾಯಂ ಬದಲಾವಣೆ 57.021, ಮೆಥಿಯೋನೀನ್‌ಗೆ ಆಕ್ಸಿಡೇಶನ್ ಐಚ್ಛಿಕ. ಅತಿ ನಿಖರ ಯಂತ್ರದಲ್ಲಿ ತೂಕದ ಅಂತರ ಹತ್ತು ಲಕ್ಷಕ್ಕೆ 10 ಭಾಗ ಎಂದು ಇಟ್ಟರೆ, ಮೇಲೆ ಹೇಳಿದ 397.226ರ ತುಂಡಿಗೆ ಸಿಗುವ ಸಲಿಗೆ 0.004 ಮಾತ್ರ.

ತಪ್ಪು ಗುರುತುಗಳನ್ನು ಎಣಿಸಲು ಸಾಫ್ಟ್‌ವೇರ್ ನಿಜವಾದ ಸರಣಿಗಳ ಜೊತೆ ತಿರುಗಿಸಿ ಬರೆದ ಸುಳ್ಳು ಸರಣಿಗಳನ್ನೂ ಇಟ್ಟು ಹುಡುಕುತ್ತದೆ. ಸುಳ್ಳಿಗೆ ಎಷ್ಟು ಹೊಂದಿತೋ ನಿಜದಲ್ಲೂ ಸುಮಾರು ಅಷ್ಟೇ ತಪ್ಪು ಇರಬೇಕು ಎಂಬುದು ತರ್ಕ. ಶೇ. 1 ಎಂಬ ಮಿತಿ ಇಟ್ಟರೂ 1000 ಪೆಪ್ಟೈಡಿನಲ್ಲಿ 10 ತಪ್ಪು ಇರಬಹುದು. ಹೀಗಾಗಿ ಒಂದೇ ಪೆಪ್ಟೈಡಿನ ಮೇಲೆ ನಿಂತ ಪ್ರೋಟೀನನ್ನು ನಾನು ಮುಖ್ಯ ಫಲಿತಾಂಶವಾಗಿ ಬರೆಯಲು ಬಿಡುವುದಿಲ್ಲ. ಕನಿಷ್ಠ ಎರಡು, ಅವೂ ಆ ಪ್ರೋಟೀನಿಗೆ ಮಾತ್ರ ಸೇರಿದವು ಇರಬೇಕು. ವಿಷದ ಫಾಸ್ಫೋಲಿಪೇಸುಗಳು ಅಣ್ಣತಮ್ಮಂದಿರಂತೆ ಹೋಲುವುದರಿಂದ ಈ ಷರತ್ತು ಇಲ್ಲಿ ಹೆಚ್ಚು ಅಗತ್ಯ. ಇನ್ನೊಂದು ಮಿತಿ: ಲ್ಯೂಸೀನ್ ಮತ್ತು ಐಸೋಲ್ಯೂಸೀನ್ ತೂಕ ಒಂದೇ, ಆದ್ದರಿಂದ ಸಾಮಾನ್ಯ ಓಟದಲ್ಲಿ ಯಂತ್ರಕ್ಕೆ ಅವುಗಳ ವ್ಯತ್ಯಾಸ ತಿಳಿಯದು.

ಹಂತ 6: ಸಂಖ್ಯಾಶಾಸ್ತ್ರ

ಒಂದೇ ಹಾವಿನ ವಿಷವನ್ನು ಮೂರು ಬಾರಿ ಯಂತ್ರಕ್ಕೆ ಕೊಟ್ಟರೆ ಯಂತ್ರದ ಸ್ಥಿರತೆ ತಿಳಿಯುತ್ತದೆ. ಹಾವುಗಳ ಬಗ್ಗೆ ತಿಳಿಯುವುದು ಒಂದೇ ಹಾವಿನಷ್ಟು. ಹೋಲಿಕೆಗೆ ಬೇಕಾದದ್ದು ಬೇರೆಬೇರೆ ಹಾವುಗಳು, ಬೇರೆಬೇರೆ ರೋಗಿಗಳು. ಪ್ರಮಾಣಗಳನ್ನು 2ರ ಲಾಗ್‌ಗೆ ತಿರುಗಿಸಿ, ಮಧ್ಯಾಂಕ ಹೊಂದಿಸಿ, ಆಮೇಲೆ ಪರೀಕ್ಷಿಸಿ. 2000 ಪ್ರೋಟೀನುಗಳನ್ನು 0.05ರ ಮಟ್ಟದಲ್ಲಿ ಪರೀಕ್ಷಿಸಿದರೆ ಏನೂ ವ್ಯತ್ಯಾಸವಿಲ್ಲದಿದ್ದರೂ ಸುಮಾರು 100 "ವ್ಯತ್ಯಾಸ"ಗಳು ಕಾಣುತ್ತವೆ; ಅದಕ್ಕೆಂದೇ 1995ರಲ್ಲಿ ಬಂದ ಬೆಂಜಮಿನಿ-ಹಾಕ್‌ಬರ್ಗ್ ತಿದ್ದುಪಡಿ ಇದೆ. ಕಾಣದ ಮೌಲ್ಯವನ್ನು ಸೊನ್ನೆ ಎಂದು ತುಂಬಬೇಡಿ. ಬಹಳ ಸಲ ಅದು ಇಲ್ಲವೆಂದಲ್ಲ, ಯಂತ್ರದ ಕಣ್ಣಿಗೆ ಎಟುಕದಷ್ಟು ಕಡಿಮೆ ಎಂದು. ಒಂದು ಊರಿನ ಸ್ಯಾಂಪಲ್ಲೆಲ್ಲ ಸೋಮವಾರ, ಇನ್ನೊಂದು ಊರಿನದೆಲ್ಲ ಗುರುವಾರ ಓಡಿಸಿದರೆ ಊರಿನ ವ್ಯತ್ಯಾಸವೂ ವಾರದ ವ್ಯತ್ಯಾಸವೂ ಬೆರೆತುಹೋಗುತ್ತವೆ, ಆಮೇಲೆ ಯಾವ ಸೂತ್ರವೂ ಬೇರ್ಪಡಿಸದು.

ಹಂತ 7: ಸರಣಿಯನ್ನು ಓದುವುದು

ಸಿಕ್ಕ ಪ್ರೋಟೀನನ್ನು ಬ್ಲಾಸ್ಟ್‌ನಲ್ಲಿ ಹುಡುಕಿ, ಸಂಬಂಧಿಗಳನ್ನು ಕ್ಲಸ್ಟಲ್ ಒಮೆಗಾದಲ್ಲಿ ಸಾಲಾಗಿ ಜೋಡಿಸಿ. ಸಿಸ್ಟೀನ್‌ಗಳು ಕಂಬ ನಿಲ್ಲಿಸಿದಂತೆ ಒಂದರ ಕೆಳಗೊಂದು ಬರುತ್ತವೆ; ಬಾರದಿದ್ದರೆ ಜೋಡಣೆ ತಪ್ಪಿದೆ. ಆಮೇಲೆ, ಸಿಕ್ಕದ್ದು ಫಾಸ್ಫೋಲಿಪೇಸ್ ಎ2 ಆದರೆ, 49ನೇ ಸ್ಥಾನ ನೋಡಿ. ಅಲ್ಲಿ ಆಸ್ಪಾರ್ಟಿಕ್ ಆಮ್ಲ ಇದ್ದರೆ ಕ್ಯಾಲ್ಸಿಯಂ ಕೂರುತ್ತದೆ, ಕಿಣ್ವ ಕೊಬ್ಬನ್ನು ಸೀಳುತ್ತದೆ. ಕೆಲವು ಮಂಡಲ ಹಾವುಗಳಲ್ಲಿ ಅಲ್ಲಿ ಲೈಸೀನ್ ಇರುತ್ತದೆ. ಆಗ ಕ್ಯಾಲ್ಸಿಯಂ ಕೂರುವುದಿಲ್ಲ, ಸೀಳುವ ಕೆಲಸ ನಡೆಯುವುದಿಲ್ಲ, ಆದರೂ ಅದು ಸ್ನಾಯುವನ್ನು ಹಾಳುಮಾಡುತ್ತದೆ. ಉಳಿದ ಸರಣಿ ಎಷ್ಟೇ ಹೋಲಿದರೂ ಒಂದು ಅಕ್ಷರ ಬದಲಾದರೆ ಕೆಲಸವೇ ಬದಲಾಗುತ್ತದೆ.

ಇಲ್ಲಿ ಹೊಸಬರು ಎಡವುವ ಕಲ್ಲೊಂದಿದೆ. ಈ ಕುಟುಂಬದ ಸಂಖ್ಯೆಗಳನ್ನು ಸಂಬಂಧಿ ಪ್ರೋಟೀನುಗಳೊಂದಿಗೆ ಹೊಂದಿಸಿ, ನಡುವೆ ಜಾಗ ಬಿಟ್ಟು ಕೊಡಲಾಗಿದೆ. 121 ಅಮೈನೋ ಆಮ್ಲದ ನಮ್ಮ ಪ್ರೋಟೀನಿನಲ್ಲಿ ಬೆರಳಿಟ್ಟು ಎಣಿಸಿದರೆ ಲೇಖನಗಳ "ಹಿಸ್ಟಿಡೀನ್ 48" 47ನೆಯದು, "ಆಸ್ಪಾರ್ಟಿಕ್ ಆಮ್ಲ 49" 48ನೆಯದು. ಯಾವ ಎಣಿಕೆ ಎಂದು ಬರೆಯದೆ ಡಾಕಿಂಗ್ (ಪ್ರೋಟೀನಿನ ಗುಳಿಯಲ್ಲಿ ಔಷಧದ ಅಣುವನ್ನು ಕಂಪ್ಯೂಟರಿನಲ್ಲಿ ಕೂರಿಸಿ ನೋಡುವುದು) ಮಾಡಿದವರು ಪಕ್ಕದ ಮನೆಯ ಬಾಗಿಲು ಬಡಿದಂತಾಗುತ್ತದೆ.

ಹಂತ 8: ಮೂರು ಆಯಾಮದ ರಚನೆ

ಪ್ರಯೋಗದಿಂದ ಕಂಡ ರಚನೆ ಇದ್ದರೆ ಅದನ್ನೇ ಬಳಸಿ. 1971ರಲ್ಲಿ ಶುರುವಾದ ಪ್ರೋಟೀನ್ ಡೇಟಾ ಬ್ಯಾಂಕ್‌ನಲ್ಲಿ ಕೊಳಕುಮಂಡಲದ ಫಾಸ್ಫೋಲಿಪೇಸ್ ಎ2ರ ಹಲವು ರಚನೆಗಳಿವೆ. ದೆಹಲಿಯ ಏಮ್ಸ್‌ನಲ್ಲಿ ಟಿ.ಪಿ. ಸಿಂಗ್ ಅವರ ತಂಡ ಬಿಡಿಸಿದವು ಅವುಗಳಲ್ಲಿ ಸೇರಿವೆ. ರೆಸಲ್ಯೂಶನ್ 2 ಆಂಗ್‌ಸ್ಟ್ರಾಮ್ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಪಾರ್ಶ್ವಸರಪಳಿಗಳನ್ನು ಹೆಚ್ಚು ನಂಬಬಹುದು. ಸರಪಳಿಯ ತಿರುವುಗಳ ಕೋನ ತೋರಿಸುವ ರಾಮಚಂದ್ರನ್ ನಕ್ಷೆಯನ್ನು ತೆರೆದು ನೋಡಿ, ಮದರಾಸಿನಲ್ಲಿ ಜಿ.ಎನ್. ರಾಮಚಂದ್ರನ್ ಮತ್ತು ಸಂಗಡಿಗರು 1963ರಲ್ಲಿ ಪ್ರಕಟಿಸಿದ ಆ ನಕ್ಷೆ ಇಂದಿಗೂ ಜಗತ್ತಿನ ಪ್ರತಿ ರಚನೆಗೆ ಹಚ್ಚುವ ಒರೆಗಲ್ಲು. ಗ್ಲೈಸೀನ್ ಅಲ್ಲದ ಶೇಷಗಳು (ಸರಪಳಿಯಲ್ಲಿನ ಅಮೈನೋ ಆಮ್ಲಗಳು) ನಿಷಿದ್ಧ ಭಾಗದಲ್ಲಿ ಕುಳಿತಿದ್ದರೆ ಏಕೆಂದು ಕೇಳಬೇಕು.

ರಚನೆ ಇಲ್ಲದಿದ್ದರೆ, ಸರಣಿಯಿಂದ ರಚನೆಯನ್ನು ಊಹಿಸುವ ಆಲ್ಫಾಫೋಲ್ಡ್ ಸಾಫ್ಟ್‌ವೇರ್. ಅದನ್ನು ಕಟ್ಟಿದ ಡೆಮಿಸ್ ಹಸಾಬಿಸ್ ಮತ್ತು ಜಾನ್ ಜಂಪರ್ 2024ರ ರಸಾಯನಶಾಸ್ತ್ರ ನೊಬೆಲ್ ಅನ್ನು ಡೇವಿಡ್ ಬೇಕರ್ ಜೊತೆ ಹಂಚಿಕೊಂಡರು. ಅದು ಪ್ರತಿ ಶೇಷಕ್ಕೂ 100ರೊಳಗೆ ಒಂದು ವಿಶ್ವಾಸದ ಅಂಕ ಕೊಡುತ್ತದೆ: 90ರ ಮೇಲೆ ಬಹಳ ಗಟ್ಟಿ, 70ರ ಮೇಲೆ ಬೆನ್ನೆಲುಬಿನ ಮಟ್ಟಿಗೆ ಸರಿ, 50ರ ಕೆಳಗೆ ಆಕಾರವನ್ನು ನಂಬಬೇಡಿ. ದತ್ತಾಂಶಕೋಶದಲ್ಲಿ ಸಿಗುವ ಆ ಮಾದರಿಗಳಲ್ಲಿ ಕ್ಯಾಲ್ಸಿಯಂ ಇರುವುದಿಲ್ಲ; ಕ್ಯಾಲ್ಸಿಯಂ ಇಲ್ಲದೆ ನಮ್ಮ ಕಿಣ್ವ ಕೆಲಸವನ್ನೇ ಮಾಡದು.

ಹಂತ 9: ಡಾಕಿಂಗ್

ಈಗ ಅತಿ ಹೆಚ್ಚು ನಡೆಯುವ, ಅತಿ ಹೆಚ್ಚು ಕೆಡುವ ಕೆಲಸ ಇದು. ಇದಕ್ಕೆ ಬಳಸುವ ಆಟೊಡಾಕ್ ವಿನಾ ಸಾಫ್ಟ್‌ವೇರ್ ಉಚಿತ, ಸಾಧಾರಣ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಕಡತ ಸಿದ್ಧಪಡಿಸುವಾಗ "ನೀರು ಮತ್ತು ಇತರ ಅಣುಗಳನ್ನು ತೆಗೆಯಿರಿ" ಎಂಬ ಗುಂಡಿಯನ್ನು ಎಲ್ಲರೂ ಒತ್ತುತ್ತಾರೆ. ಕ್ಯಾಲ್ಸಿಯಂ ಕೂಡ ಅದರೊಂದಿಗೆ ಹೋಗುತ್ತದೆ. ಮೊದಲು ರಚನೆಯಲ್ಲಿ ಈಗಾಗಲೇ ಕುಳಿತಿದ್ದ ಅಣುವನ್ನು ತೆಗೆದು ಮತ್ತೆ ಕೂರಿಸಿ ನೋಡಿ. ಮೂಲ ಸ್ಥಾನದಿಂದ 2 ಆಂಗ್‌ಸ್ಟ್ರಾಮಿನೊಳಗೆ ಬರದಿದ್ದರೆ ನಿಮ್ಮ ಸಿದ್ಧತೆಯಲ್ಲಿ ದೋಷವಿದೆ. ವಾರೆಸ್ಪ್ಲಾಡಿಬ್‌ನಂಥ, ಈ ಕಿಣ್ವವನ್ನು ತಡೆಯುತ್ತದೆಂದು ಪ್ರಯೋಗದಲ್ಲಿ ಕಂಡ ಅಣುವನ್ನೂ, ತಡೆಯದ ಕೆಲವನ್ನೂ ಜೊತೆಗೆ ಓಡಿಸಿ. ಅಣು ಎಷ್ಟು ಗಟ್ಟಿಯಾಗಿ ಕೂರುತ್ತದೆಂದು ವಿನಾ ಕೊಡುವ ಅಂಕದಲ್ಲಿ ಮೈನಸ್ 7.0 ಮತ್ತು ಮೈನಸ್ 7.4 ನಡುವೆ ಗೆದ್ದವರು ಸೋತವರು ಇಲ್ಲ; ವಿಧಾನದ ತಪ್ಪೇ ಅದಕ್ಕಿಂತ ದೊಡ್ಡದು. ಗ್ರೊಮ್ಯಾಕ್ಸ್‌ನಲ್ಲಿ ಅಣುಚಲನೆ ನೋಡುವವರು ಬೇರೆಬೇರೆ ಆರಂಭಿಕ ವೇಗಗಳಿಂದ ಕನಿಷ್ಠ ಮೂರು ಸಲ ಓಡಿಸಬೇಕು.

ಸೊಗದೆ ಬೇರು, ಸರ್ಪಗಂಧ ಎಂದು ನಮ್ಮ ಹಳ್ಳಿಗಳಲ್ಲಿ ಹೇಳುವ ಗಿಡಗಳನ್ನು ಪರೀಕ್ಷಿಸಬೇಕೆಂಬ ಆಸೆ ಸಹಜ, ಮಾಡಲೂ ಬೇಕು. ಬೆಳಗಾವಿಯಲ್ಲಿ ಪಾರಂಪರಿಕ ವೈದ್ಯಕ್ಕೆಂದೇ ಐಸಿಎಂಆರ್‌ನ ರಾಷ್ಟ್ರೀಯ ಸಂಸ್ಥೆ ಇದೆ. ಆದರೆ ಗಿಡದ ಕಷಾಯದಲ್ಲಿರುವ ಟ್ಯಾನಿನ್ ಎದುರಿಗೆ ಬಂದ ಯಾವ ಪ್ರೋಟೀನನ್ನಾದರೂ ಹಿಡಿದು ಗರಣೆಗಟ್ಟಿಸುತ್ತದೆ. ಚರ್ಮ ಹದಮಾಡುವುದೂ ಅದರಿಂದಲೇ. ಅದು ವಿಷದ ಕಿಣ್ವವನ್ನು ತಡೆದದ್ದು ಔಷಧದ ಗುಣವಲ್ಲ. ಆಲ್ಬುಮಿನ್ ಜೊತೆಗೂ ಪರೀಕ್ಷಿಸಿ, ಟ್ಯಾನಿನ್ ತೆಗೆದ ಕಷಾಯದೊಂದಿಗೂ ಪರೀಕ್ಷಿಸಿ.

ಹಂತ 10: ಮತ್ತೆ ಕೊಳವೆಗೆ

ಕಂಪ್ಯೂಟರ್ ತೋರಿಸಿದ ಅಣುವನ್ನು ಮೊದಲು ಶುದ್ಧ ಕಿಣ್ವದ ಮೇಲೆ, ನಂತರ ಇಡೀ ವಿಷದ ಮೇಲೆ ನೋಡಬೇಕು. ಔಷಧವನ್ನೂ ವಿಷವನ್ನೂ ಮೊದಲೇ ಬೆರೆಸಿ ಅರ್ಧ ಗಂಟೆ ಇಟ್ಟ ಪ್ರಯೋಗ ತಟಸ್ಥಗೊಳಿಸುವ ಶಕ್ತಿಯನ್ನು ಹೇಳುತ್ತದೆ. ಕಚ್ಚಿಸಿಕೊಂಡು ಎರಡು ತಾಸಿನ ನಂತರ ಟ್ರ್ಯಾಕ್ಟರಿನಲ್ಲಿ ಆಸ್ಪತ್ರೆಗೆ ಬಂದವರ ಸ್ಥಿತಿಯನ್ನು ಅದು ಹೇಳುವುದಿಲ್ಲ. ಆದ್ದರಿಂದ ವಿಷ ಮೊದಲು, ಔಷಧ ಆಮೇಲೆ ಎಂಬ ಕ್ರಮದಲ್ಲೂ ಮಾಡಿ, ಎರಡನ್ನೂ ಬೇರೆಬೇರೆ ಬರೆಯಿರಿ. ಹೆಪ್ಪುಗಟ್ಟುವ ಪರೀಕ್ಷೆ ಮಾಡುವಾಗ ವಿಷ ಹಾಕದ ಆರೋಗ್ಯವಂತರ ರಕ್ತದ ಕೊಳವೆ ಪಕ್ಕದಲ್ಲಿ ಇರಲೇಬೇಕು. ಡಿಟರ್ಜೆಂಟ್ ಹಾಕಿ ತೊಳೆದ ಕೊಳವೆಯಲ್ಲಿ ಒಳ್ಳೆಯ ರಕ್ತವೂ ಹೆಪ್ಪುಗಟ್ಟದೆ ಉಳಿದು ತಪ್ಪು ದಾರಿಗೆ ಎಳೆಯಬಹುದು.

ಪ್ರಕಟಣೆಗೆ ಮುನ್ನ ಮಾಸ್ ಸ್ಪೆಕ್ಟ್ರೋಮೀಟರಿನ ಕಚ್ಚಾ ಕಡತಗಳನ್ನು ಪ್ರೈಡ್ ಎಂಬ ಸಾರ್ವಜನಿಕ ದತ್ತಾಂಶಕೋಶಕ್ಕೆ ಸೇರಿಸಿ ಗುರುತಿನ ಸಂಖ್ಯೆ ಪಡೆಯಿರಿ. ಹುಡುಕಾಟಕ್ಕೆ ಬಳಸಿದ ಫಾಸ್ಟಾ ಕಡತ, ಸಾಫ್ಟ್‌ವೇರಿನ ಆವೃತ್ತಿ, ಡಾಕಿಂಗ್ ಪೆಟ್ಟಿಗೆಯ ಮಧ್ಯಬಿಂದು ಮತ್ತು ಅಳತೆ, ಕ್ಯಾಲ್ಸಿಯಂ ಇಟ್ಟುಕೊಂಡಿರೋ ಇಲ್ಲವೋ ಎಂಬುದೆಲ್ಲ ಅದರ ಜೊತೆ ಹೋಗಲಿ. ರೋಗಿಯ ಹೆಸರು, ಊರು, ಆಸ್ಪತ್ರೆಯ ನೋಂದಣಿ ಸಂಖ್ಯೆ ಯಾವ ಕಡತದ ಹೆಸರಿನಲ್ಲೂ ಉಳಿಯಬಾರದು. ಫ್ರೀಜರಿನ ಕೊಳವೆಯ ಮೇಲಿನ ಸಂಕೇತ ಸಂಖ್ಯೆಯೊಂದೇ ಕೋಶದಲ್ಲಿರುವ ಕಡತದ ಮೇಲೂ ಇರಬೇಕು.